ಕೈಗೆ ಮಸಿಯಾದರೆ ಮಾನ ಹೋಗುವುದೇ?

ಹಾಸನದಲ್ಲಿ ನಡೆದ ಒಂದು ಮದುವೆಯಲ್ಲಿ, ಎರಡನೆಯ ಪಂಕ್ತಿಯ ಊಟ ಮುಗಿದು ಎಲೆಅಡಿಕೆಯ ತಟ್ಟೆ ಸುತ್ತು ಬರುತ್ತಿದ್ದ ಹೊತ್ತಿನಲ್ಲಿ, ನನಗಿಂತ ಹಿರಿಯರಾದ ಬಂಧುವೊಬ್ಬರು ನನ್ನನ್ನು ಕಂಬದ ಮರೆಗೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು: “ಮೇಷ್ಟ್ರೇ, ನಿಮ್ಮ ಮಗನ ಕೆಲಸ ಸರಿಯಾಗಿದೆ ತಾನೆ? ಏನೂ ತೊಂದರೆ ಇಲ್ಲವಷ್ಟೆ?” ನನಗೆ ಅರ್ಥವಾಗಲಿಲ್ಲ. “ಏನಿಲ್ಲ, ಅವನು ಗ್ಯಾರೇಜಿನಲ್ಲಿ ಕಾರಿನ ಕೆಳಗೆ ಮಲಗಿದ್ದ ಫೋಟೋ ನೋಡಿದೆವು. ಎಂ.ಎಸ್. ಮಾಡಿದ ಹುಡುಗ... ಮನಸ್ಸಿಗೆ ಒಂಥರಾ ಆಯಿತು” ಎಂದರು.

ಆ ಫೋಟೋವನ್ನು ನನ್ನ ಶ್ರೀಮತಿಯೇ 2024ರ ಬೇಸಿಗೆಯಲ್ಲಿ, ನಾವಿಬ್ಬರೂ ಮಿಷಿಗನ್ನಿನಲ್ಲಿ ಮಗನ ಮನೆಯಲ್ಲಿದ್ದಾಗ, ಕುಟುಂಬದ ವಾಟ್ಸಾಪ್ ಬಳಗಕ್ಕೆ ಹಾಕಿದ್ದಳು. ಅದಕ್ಕೆ ಬಂದ ಪ್ರತಿಕ್ರಿಯೆಗಳು ಎರಡು ಬಗೆಯವು. ಹಿರಿಯರು ಕನಿಕರಪಟ್ಟರು: “ಪಾಪ, ಮೆಕ್ಯಾನಿಕ್ಕಿಗೆ ಕೊಟ್ಟರೆ ಆಗುತ್ತಿರಲಿಲ್ಲವೇ?” ಕಿರಿಯರು ಬೆರಳೆತ್ತಿ ಮೆಚ್ಚಿದರು: “ಸೂಪರ್ ಹಾಬಿ!” ಈ ಎರಡೂ ಮಾತುಗಳು ನನ್ನನ್ನು ಸಮಾನವಾಗಿ ಕೆರಳಿಸಿವೆ. ಮದುವೆಯ ಮನೆಯಲ್ಲಿ ಉತ್ತರಿಸಲು ಆಗಲಿಲ್ಲ. ಇಲ್ಲಿ ಉತ್ತರಿಸುತ್ತೇನೆ. ಇದನ್ನು ಓದುವವರಲ್ಲಿ ಹೆಚ್ಚಿನವರು ನನ್ನ ಹಳೆಯ ವಿದ್ಯಾರ್ಥಿಗಳು, ಉಳಿದವರು ನೆಂಟರು. ಇಬ್ಬರಿಗೂ ನನ್ನ ಮಾತು ರುಚಿಸಲಾರದು. ಆದರೆ ಬೈಗುಳದ ದೊಡ್ಡ ಪಾಲು ಕೊನೆಗೆ ನನಗೇ ಸೇರುವುದರಿಂದ ನೀವು ಸ್ವಲ್ಪ ಸಹಿಸಿಕೊಳ್ಳಬಹುದು.

ಮೊದಲು, ಆ ಕಾರು ಯಾವುದು, ಅವನು ಮಾಡುತ್ತಿದ್ದುದೇನು ಎಂದು ಹೇಳಿಬಿಡುತ್ತೇನೆ. ಯಾವುದನ್ನು ಕೀಳೆಂದು ನಾವು ಮೂಗು ಮುರಿಯುತ್ತೇವೆಯೋ ಅದೇನೆಂದು ತಿಳಿದುಕೊಳ್ಳುವ ಗೋಜಿಗೆ ಹೋಗದಿರುವುದು ನಮ್ಮ ವಿದ್ಯಾವಂತರ ಹಳೆಯ ಚಾಳಿ.

ಕಾರು ಜಪಾನಿನ ಮಾಜ್ದಾ ಕಂಪನಿಯ ಆರ್‌ಎಕ್ಸ್-7, 1990ರ ಮಾದರಿ. ಓಡದೆ ನಿಂತಿದ್ದುದನ್ನು ಮಗ ಕಡಿಮೆ ಬೆಲೆಗೆ ಕೊಂಡಿದ್ದ. ನೋಡಲು ತಗ್ಗಾದ, ಚೂಪು ಮೂತಿಯ ಸ್ಪೋರ್ಟ್ಸ್ ಕಾರು. ಅದರ ವಿಶೇಷವಿರುವುದು ಎಂಜಿನ್ನಿನಲ್ಲಿ. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ನಾಲ್ಕು ಹೊಡೆತದ ಎಂಜಿನ್ನಿನ ಚಿತ್ರ ನಿಮಗೆ ನೆನಪಿರಬಹುದು: ಉರುಳೆ, ಅದರೊಳಗೆ ಮೇಲೆ ಕೆಳಗೆ ಚಲಿಸುವ ಕೊಂತ, ತಲೆಯ ಮೇಲೆ ಎರಡು ಕವಾಟ. ಈ ರೋಟರಿ ಎಂಜಿನ್ನಿನಲ್ಲಿ ಕೊಂತವೂ ಇಲ್ಲ, ಕವಾಟವೂ ಇಲ್ಲ. ಬದಿಗಳು ಹೊಟ್ಟೆಯಂತೆ ಉಬ್ಬಿದ ಒಂದು ತ್ರಿಕೋನ, ನಡು ಸ್ವಲ್ಪ ಒಳಕ್ಕೆ ಸರಿದ ಮೊಟ್ಟೆಯಾಕಾರದ ಕೋಣೆಯಲ್ಲಿ ತೂಗಾಡುತ್ತಾ ಸುತ್ತುತ್ತದೆ. ಆ ತ್ರಿಕೋನಕ್ಕೆ ರೋಟರ್ ಎಂದು ಹೆಸರು. ಅದರ ಮೂರು ಮೂಲೆಗಳೂ ಸದಾ ಗೋಡೆಯನ್ನು ತಾಗಿಕೊಂಡೇ ಇರುವುದರಿಂದ ಒಂದೇ ಕೋಣೆ ಮೂರು ಕೋಣೆಗಳಾಗುತ್ತದೆ. ಹೀರುವಿಕೆ, ಸಂಪೀಡನ, ಶಕ್ತಿ, ನಿಷ್ಕಾಸ ಎಂಬ ಅವೇ ನಾಲ್ಕು ಕೆಲಸಗಳು ಒಂದರ ಹಿಂದೊಂದು ಮೂರೂ ಕಡೆ ನಡೆಯುತ್ತಿರುತ್ತವೆ. ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ನಡುವಿನ ಶಾಫ್ಟ್ ಮೂರು ಸುತ್ತು ಸುತ್ತಿರುತ್ತದೆ. ಒಂದು ಕೋಣೆಗೆ 654 ಸಿ.ಸಿ.; ಎರಡು ರೋಟರಿಗೆ ಸೇರಿ 1308 ಸಿ.ಸಿ. ಅಷ್ಟೆ.

ಕಾರು ಏಕೆ ಓಡುತ್ತಿಲ್ಲ ಎಂಬುದನ್ನು ಮಗ ನನಗೆ ತೋರಿಸಿಕೊಟ್ಟ ಸಂಜೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸ್ಪಾರ್ಕ್ ಪ್ಲಗ್ಗನ್ನು ತೆಗೆದು ಆ ತೂತಿಗೆ ಒತ್ತಡಮಾಪಕವನ್ನು ಕೂಡಿಸಿ, ಎಂಜಿನ್ನನ್ನು ಸ್ಟಾರ್ಟರಿನಿಂದ ತಿರುಗಿಸಿದ. ಮುಂದಿನ ರೋಟರಿನ ಮೂರು ಕೋಣೆಗಳೂ ಹೆಚ್ಚು ಕಡಿಮೆ ಒಂದೇ ಒತ್ತಡ ತೋರಿಸಿದವು. ಹಿಂದಿನದರಲ್ಲಿ ಒಂದು ಕೋಣೆ ಚದರ ಸೆಂಟಿಮೀಟರಿಗೆ 7.6 ಕಿಲೋಗ್ರಾಂ, ಉಳಿದೆರಡು 3.8 ಮತ್ತು 4. ಕಂಪನಿಯ ಕೈಪಿಡಿಯ ಪ್ರಕಾರ ಇದು 6ಕ್ಕಿಂತ ಕೆಳಗಿಳಿಯಕೂಡದು. “ಅಪ್ಪ, ಏನು ಹಾಳಾಗಿದೆ ಹೇಳಿ ನೋಡೋಣ” ಎಂದ. ಮೇಷ್ಟ್ರಿಗೆ ಪರೀಕ್ಷೆ! ಎರಡು ಕೋಣೆ ಸೋತಿವೆ ಎಂದ ಮೇಲೆ ಎರಡು ಕಡೆ ಕೆಟ್ಟಿದೆ ಎಂದೆ. ತಪ್ಪು. ಮೂರು ಮೂಲೆಗಳಲ್ಲಿ ಒಂದೊಂದು ಲೋಹದ ಪಟ್ಟಿ ಇರುತ್ತದೆ, ಅಪೆಕ್ಸ್ ಸೀಲ್ ಎಂದು. ಗೋಡೆಗೆ ಒತ್ತಿ ನಿಂತು ಅನಿಲ ಸೋರದಂತೆ ತಡೆಯುವುದು ಅದರ ಕೆಲಸ. ಒಂದು ಮೂಲೆ ಎರಡು ಕೋಣೆಗಳ ನಡುವಿನ ಗೋಡೆಯಾದ್ದರಿಂದ, ಒಂದೇ ಸೀಲ್ ಮುರಿದರೂ ಎರಡು ಕೋಣೆಗಳ ಉಸಿರು ನಿಲ್ಲುತ್ತದೆ. ಇದನ್ನು ಒಪ್ಪಿಕೊಳ್ಳಲು ನಾನು ಕಾಗದದ ಮೇಲೆ ಚಿತ್ರ ಬರೆದು, ಅಳಿಸಿ, ಮತ್ತೆ ಬರೆಯಬೇಕಾಯಿತು. ಊಟಕ್ಕೆ ಕರೆದವಳಿಗೆ ಬೈಸಿಕೊಂಡದ್ದೂ ಆಯಿತು. ಈ ಸಂಜೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಂಜಿನ್ನನ್ನು ಸರಪಳಿಯಿಂದ ಎತ್ತಿ ಹೊರತೆಗೆದು ಸ್ಟ್ಯಾಂಡಿಗೆ ಕೂರಿಸಿದ ಮೇಲೆ ಮೊದಲ ಅಡ್ಡಿ ಫ್ಲೈವೀಲಿನ ನಟ್ಟು. 54 ಮಿಲಿಮೀಟರಿನ ಒಂದೇ ಒಂದು ನಟ್ಟು. ಅದನ್ನು ಬಿಚ್ಚಲು ಆಳುದ್ದದ ಕಬ್ಬಿಣದ ಪೈಪನ್ನು ಹಿಡಿಕೆಗೆ ತೊಡಿಸಿ ಮಗ ಇಡೀ ಮೈಭಾರ ಹಾಕಿದ. ನಾನು ಸ್ಟ್ಯಾಂಡನ್ನು ತಬ್ಬಿ ಹಿಡಿದಿದ್ದೆ. ಅದು ಬಿಟ್ಟುಕೊಟ್ಟಾಗ ಬಂದ ಸದ್ದಿಗೆ ಎದುರುಮನೆಯ ನಾಯಿ ಬೊಗಳಿತು. ಉಳಿದದ್ದು ನಮ್ಮ ಊಟದ ಕ್ಯಾರಿಯರನ್ನು ಬಿಚ್ಚಿದಂತೆ. ಉತ್ಪ್ರೇಕ್ಷೆಯಲ್ಲ, ಈ ಎಂಜಿನ್ ನಿಜಕ್ಕೂ ಐದು ಡಬ್ಬಿಗಳ ಒಂದು ಪೇರಿಕೆ. ಬೀಡುಕಬ್ಬಿಣದ ತಟ್ಟೆ, ಅದರ ಮೇಲೆ ರೋಟರಿರುವ ಅಲ್ಯೂಮಿನಿಯಂ ಕೋಣೆ, ಮತ್ತೆ ತಟ್ಟೆ, ಮತ್ತೆ ಕೋಣೆ, ಮತ್ತೆ ತಟ್ಟೆ. ಉದ್ದನೆಯ ಬೋಲ್ಟುಗಳು ಎಲ್ಲವನ್ನೂ ತೂರಿಕೊಂಡು ಹೋಗಿ ಬಿಗಿಹಿಡಿದಿರುತ್ತವೆ. ಎರಡನೆಯ ಕೋಣೆಯನ್ನು ಎತ್ತಿದಾಗ ಕಂಡಿತು: 2 ಮಿ.ಮೀ. ದಪ್ಪದ ಒಂದು ಅಪೆಕ್ಸ್ ಸೀಲಿನ ತುದಿ ಚಕ್ಕೆಯೆದ್ದು ಮುರಿದಿತ್ತು. ಪುಣ್ಯಕ್ಕೆ ಒಳಗೋಡೆಯ ಕ್ರೋಮ್ ಲೇಪಕ್ಕೆ ಆಳವಾದ ಗೀರು ಬಿದ್ದಿರಲಿಲ್ಲ.

ಈಗ ಕನಿಕರಪಟ್ಟವರಿಗೆ ಒಂದು ಪ್ರಶ್ನೆ. ಎರಡು ರೋಟರುಗಳಿಗೆ ಸೇರಿ 6 ಅಪೆಕ್ಸ್ ಸೀಲು, 12 ಮೂಲೆಯ ಸೀಲು, 12 ಬದಿಯ ಸೀಲು, ಪ್ರತಿಯೊಂದರ ಹಿಂದೆಯೂ ಸ್ಪ್ರಿಂಗು, ಎಣ್ಣೆ ತಡೆಯುವ ಬಳೆಗಳು, ತಣ್ಣೀರು ಸೋರದಂತೆ ತಡೆಯುವ ರಬ್ಬರಿನ ಉಂಗುರಗಳು. ಯಾವುದು ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು. ಜೋಡಿಸಿದ ಮೇಲೆ ಶಾಫ್ಟಿನ ಹಿಂದುಮುಂದಿನ ಆಟ 0.04ರಿಂದ 0.07 ಮಿ.ಮೀ.ಯ ನಡುವೆ ಇರಬೇಕು. ನೀವು ಬರೆಯುವ ಕಾಗದದ ದಪ್ಪ ಇದಕ್ಕಿಂತ ಹೆಚ್ಚು. ಇದನ್ನೆಲ್ಲ ನೆನಪಿಟ್ಟು, ಅಳೆದು, ತಪ್ಪಿದರೆ ಮತ್ತೆ ಬಿಚ್ಚಿ ಜೋಡಿಸುವುದು ಬುದ್ಧಿಯ ಕೆಲಸವಲ್ಲವೆಂದು ನಿಮಗೆ ಹೇಳಿದವರು ಯಾರು? ಪರದೆಯ ಮುಂದೆ ಕುಳಿತು ಒಂದು ಕೋಷ್ಟಕದ ಅಂಕಿಗಳನ್ನು ಇನ್ನೊಂದು ಕೋಷ್ಟಕಕ್ಕೆ ತುಂಬುವುದು ಬುದ್ಧಿಯ ಕೆಲಸ, ಇದು ಮಾತ್ರ ಮೈಯ ಕೆಲಸ ಎಂದು ವಿಂಗಡಿಸಿದ ಪಂಡಿತರು ಯಾರು? ಶುಭ್ರವಾದ ಅಂಗಿಗೂ ಶುಭ್ರವಾದ ತಿಳಿವಳಿಕೆಗೂ ನಂಟಿದೆಯೆಂಬ ಮೂಢನಂಬಿಕೆ ನಮ್ಮಲ್ಲಿ ರಾಹುಕಾಲದ ನಂಬಿಕೆಗಿಂತ ಗಟ್ಟಿಯಾಗಿದೆ. ರಾಹುಕಾಲವನ್ನಾದರೂ ನಮ್ಮಲ್ಲಿ ಹಲವರು ಪ್ರಶ್ನಿಸುತ್ತಾರೆ.

ಆಯುಧಪೂಜೆಯ ದಿನ ನೋಡಿ. ಸ್ಪ್ಯಾನರಿಗೆ ಕುಂಕುಮ, ಸುತ್ತಿಗೆಗೆ ಹೂವು, ಕಾರಿನ ಚಕ್ರಕ್ಕೆ ನಿಂಬೆಹಣ್ಣು, ರಸ್ತೆಯ ತುಂಬ ಕುಂಬಳಕಾಯಿ. ಮರುದಿನ ಆ ಸ್ಪ್ಯಾನರನ್ನು ಹಿಡಿಯುವವನನ್ನು “ಏಯ್” ಎಂದು ಕರೆಯುತ್ತೇವೆ. ಅವನಿಗೆ ಚಹಾ ಕೊಡುವ ಲೋಟ ಬೇರೆಯಿರುವ ಮನೆಗಳನ್ನು ನಾನು ಬಲ್ಲೆ. ಆ ಮನೆಯವರಲ್ಲಿ ಕೆಲವರು ಬಸವ ಜಯಂತಿಯಂದು ಕಾಯಕದ ಮಹಿಮೆಯ ಬಗ್ಗೆ ಭಾಷಣ ಮಾಡಿದ್ದನ್ನೂ ಬಲ್ಲೆ. ಕೈಕೆಲಸದ ಮೇಲಿನ ನಮ್ಮ ತಾತ್ಸಾರದ ಬೇರು ಎಲ್ಲಿದೆಯೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ತಲೆಮಾರುಗಳಿಂದ ಆಯುಧ ಹಿಡಿದವರನ್ನು ನಾವು ಎಲ್ಲಿ ಕೂರಿಸಿದ್ದೆವೋ, ಆಯುಧವೂ ಅಲ್ಲೇ ಕುಳಿತಿದೆ.

ಇನ್ನು ಬೆರಳೆತ್ತಿ ಮೆಚ್ಚಿದ ಕಿರಿಯರು. ನಿಮ್ಮ ಮೆಚ್ಚುಗೆಯನ್ನು ನಾನು ಸ್ವೀಕರಿಸಲಾರೆ. ಕೆಲಸ ಅಮೆರಿಕದಲ್ಲಿ ನಡೆದರೆ ಹವ್ಯಾಸ, ಹಾಸನದ ಬಸ್ಟ್ಯಾಂಡಿನ ಹಿಂದೆ ನಡೆದರೆ ಕಸುಬು. ಮಾಡುವವನ ಬಳಿ ಹಸಿರು ಕಾರ್ಡಿದ್ದರೆ ಪ್ರತಿಭೆ, ಇಲ್ಲದಿದ್ದರೆ ಹಣೆಬರಹ. ಇದು ಮೆಚ್ಚುಗೆಯಲ್ಲ, ಕನಿಕರವೇ ವೇಷ ಬದಲಿಸಿ ಬಂದಿರುವುದು. ನನ್ನ ಮಗ ಸೋಮವಾರ ತನ್ನ ಕಚೇರಿಗೆ ಹೋಗುತ್ತಾನೆ, ಕೈ ತೊಳೆದುಕೊಂಡು. ಕೈ ತೊಳೆದುಕೊಂಡು ಹೋಗಲು ಇನ್ನೊಂದು ಜಾಗವಿಲ್ಲದವನ ಫೋಟೋಕ್ಕೆ ನೀವು ಎಂದಾದರೂ ಬೆರಳೆತ್ತಿದ್ದೀರಾ?

ಜಾಣನಾದ ಸೋದರಳಿಯನೊಬ್ಬ ಇನ್ನೊಂದು ಬಗೆಯ ವಾದ ಹೂಡಿದ. ಅದನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. “ಮಾವ, ಅದು ಸೋತ ಎಂಜಿನ್. ಪೆಟ್ರೋಲು ಕುಡಿಯುತ್ತದೆ, ಎಣ್ಣೆ ಸುಡುತ್ತದೆ, ಜಗತ್ತೇ ಅದನ್ನು ಕೈಬಿಟ್ಟಿದೆ. ಅದಕ್ಕೆ ನಾಲ್ಕು ತಿಂಗಳ ಶನಿವಾರ ಭಾನುವಾರಗಳನ್ನು ಸುರಿಯುವುದು ಜಾಣತನವೇ?” ಎಂದ. ಅವನ ಮಾತಿನಲ್ಲಿ ಅರ್ಧ ನಿಜ. ಆ ಉದ್ದನೆಯ, ಚಪ್ಪಟೆಯಾದ ದಹನಕೋಣೆಯಲ್ಲಿ ಗೋಡೆಯ ವಿಸ್ತೀರ್ಣ ಹೆಚ್ಚು, ಆದ್ದರಿಂದ ಶಾಖ ಪೋಲಾಗುತ್ತದೆ, ಇಂಧನ ಪೂರ್ತಿ ಉರಿಯದೆ ಹೊರಬೀಳುತ್ತದೆ. ಸೀಲುಗಳನ್ನು ನಯವಾಗಿಡಲು ಸ್ವಲ್ಪ ಎಣ್ಣೆ ಕೋಣೆಯೊಳಗೇ ಹನಿಯಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಎಜ್ಡಿ ಬೈಕಿಗೆ ಪೆಟ್ರೋಲಿನೊಡನೆ ಎಣ್ಣೆ ಬೆರೆಸಿ ಹಾಕಿಸಿದ ನನ್ನ ವಾರಿಗೆಯವರಿಗೆ ಆ ವಾಸನೆ ಚೆನ್ನಾಗಿ ಗೊತ್ತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಬೈಕುಗಳು ಮಾತ್ರ ಇಂದೂ ಓಡುತ್ತಿವೆ, ಯಾರೋ ಹೆಸರಿಲ್ಲದ ಮೆಕ್ಯಾನಿಕ್ಕುಗಳ ದಯೆಯಿಂದ.

ಆದರೆ “ಸೋತ ಎಂಜಿನ್” ಎನ್ನುವವರು ಅದರ ಕತೆಯನ್ನು ಪೂರ್ತಿ ಓದಬೇಕು. ಇದನ್ನು ಕಂಡುಹಿಡಿದ ಜರ್ಮನಿಯ ಫೆಲಿಕ್ಸ್ ವಾಂಕೆಲ್ (1902–1988) ಎಂಜಿನಿಯರಿಂಗ್ ಪದವಿ ಪಡೆದವನಲ್ಲ. ಪುಸ್ತಕ ಮಾರಾಟದ ಕೆಲಸ ಕಲಿಯುತ್ತಾ, 1924ರಲ್ಲಿ ಹೈಡೆಲ್ಬರ್ಗಿನಲ್ಲಿ ಚಿಕ್ಕದೊಂದು ಕಾರ್ಯಾಗಾರ ತೆರೆದು ಸೀಲುಗಳ ಹಿಂದೆ ಬಿದ್ದವನು. ಮಂದದೃಷ್ಟಿಯಿಂದಾಗಿ ಬಾಳಿನುದ್ದಕ್ಕೂ ಕಾರು ಓಡಿಸುವ ಪರವಾನಗಿಯೂ ಅವನಿಗಿರಲಿಲ್ಲ. ಅವನು ನಾಟ್ಸಿ ಪಕ್ಷದ ನಂಟುಳ್ಳವನಾಗಿದ್ದನೆಂಬುದನ್ನು ಮುಚ್ಚಿಡುವುದಿಲ್ಲ. ಅವನನ್ನು ನಾನು ಗೋಡೆಗೆ ತೂಗುಹಾಕುವ ಪಟವಾಗಿ ತೋರಿಸುತ್ತಿಲ್ಲ. ಅವನ ಎಂಜಿನ್ 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲು ತಿರುಗಿತು. ಅದೇ ಕಂಪನಿ 1967ರಲ್ಲಿ ತಂದ ರೋ 80 ಕಾರು ಪ್ರಶಸ್ತಿ ಗಳಿಸಿತು, ಸೀಲುಗಳು ಸವೆದು ಹೆಸರನ್ನೂ ಕಳೆದುಕೊಂಡಿತು. ಎದುರಾದ ಎರಡು ರೋ 80 ಕಾರುಗಳ ಮಾಲೀಕರು ತಾವು ಎಷ್ಟು ಸಲ ಎಂಜಿನ್ ಬದಲಿಸಿದೆವೆಂದು ಬೆರಳುಗಳಲ್ಲಿ ತೋರಿಸುತ್ತಿದ್ದರಂತೆ!

ಹಿರೋಷಿಮಾದ ಮಾಜ್ದಾ ಕಾರ್ಖಾನೆಯಲ್ಲೂ ಅದೇ ಕಾಯಿಲೆ. ಸೀಲುಗಳು ಅದುರಿ ಅದುರಿ ಕೋಣೆಯ ಗೋಡೆಯ ಮೇಲೆ ಅಲೆಯಲೆಯಾದ ಗೀರುಗಳನ್ನು ಮೂಡಿಸುತ್ತಿದ್ದವು. ಅವನ್ನು ಅಲ್ಲಿಯವರು ದೆವ್ವದ ಉಗುರಿನ ಗುರುತು ಎಂದು ಕರೆದರು. 1963ರಲ್ಲಿ ಕೆನಿಚಿ ಯಮಾಮೊಟೊ ಎಂಬ ಎಂಜಿನಿಯರನ ಕೈಕೆಳಗೆ 47 ಮಂದಿಯ ತಂಡ ಕಟ್ಟಿದರು. ಅವರು ಸೀಲಿಗಾಗಿ ಪರೀಕ್ಷಿಸದ ವಸ್ತುವಿಲ್ಲ; ದನದ ಎಲುಬನ್ನೂ ಬಿಡಲಿಲ್ಲವೆಂದು ಹೇಳುತ್ತಾರೆ. ಕೊನೆಗೆ ಇಂಗಾಲದೊಳಗೆ ಅಲ್ಯೂಮಿನಿಯಂ ತುಂಬಿದ ಸೀಲು ಕೈಹಿಡಿಯಿತು, 1967ರ ಮೇ ತಿಂಗಳಲ್ಲಿ ಕಾಸ್ಮೊ ಸ್ಪೋರ್ಟ್ ಕಾರು ಮಾರುಕಟ್ಟೆಗೆ ಬಂತು. 1991ರಲ್ಲಿ ಅದೇ ಕಂಪನಿಯ ನಾಲ್ಕು ರೋಟರಿನ 787ಬಿ ಕಾರು ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ 24 ಗಂಟೆ ಓಡಿ ಗೆದ್ದಿತು. 2012ರಲ್ಲಿ ಆರ್‌ಎಕ್ಸ್-8 ನಿಂತಾಗ ಎಲ್ಲರೂ ತಿಥಿ ಮಾಡಿದರು. 2023ರಲ್ಲಿ ವಿದ್ಯುತ್ ಕಾರಿನ ಬ್ಯಾಟರಿಗೆ ಕರೆಂಟು ಒದಗಿಸುವ ಒಂಟಿ ರೋಟರಿನ ಎಂಜಿನ್ನಾಗಿ ಮತ್ತೆ ಬಂತು.

ಇಲ್ಲಿ ನನಗೆ ಬೇಕಾದ ಸಂಗತಿ ಒಂದೇ. ಆ ಯಮಾಮೊಟೊ ಟೋಕಿಯೋದ ಸಾಮ್ರಾಜ್ಯ ವಿಶ್ವವಿದ್ಯಾನಿಲಯದ ಪದವೀಧರ. ಯುದ್ಧ ಮುಗಿದು ಹಿರೋಷಿಮಾ ಬೂದಿಯಾಗಿದ್ದ ಕಾಲದಲ್ಲಿ ಆತ ಆ ಕಾರ್ಖಾನೆ ಸೇರಿದ್ದು ಮೂರು ಚಕ್ರದ ಟ್ರಕ್ಕುಗಳಿಗೆ ಗೇರುಪೆಟ್ಟಿಗೆ ಜೋಡಿಸುವ ಕೆಲಸಗಾರನಾಗಿ. ಮುಂದೆ ಅದೇ ಕಂಪನಿಯ ಅಧ್ಯಕ್ಷನಾದ. ನಮ್ಮ ಮನೆಯ ಹುಡುಗ ಅಂಥ ಕೆಲಸಕ್ಕೆ ಸೇರಿದ್ದರೆ ಹೆಣ್ಣು ಕೊಡುವವರು ಯಾರು ಎಂಬ ಚಿಂತೆಯಲ್ಲಿ ನಾವು ಹರಕೆ ಹೊರುತ್ತಿದ್ದೆವು.

ನಮ್ಮವರಿಗೆ ಇನ್ನೊಂದು ಹೆಮ್ಮೆಯಿದೆ, ‘ಜುಗಾಡ್’ ಎಂದು. ತಂತಿ ಕಟ್ಟಿ, ಟ್ಯೂಬಿನ ತುಂಡು ಸುತ್ತಿ ಹೇಗೋ ಓಡಿಸಿಬಿಡುವ ಚಾತುರ್ಯ. ನನಗೆ ಅದರ ಬಗ್ಗೆ ಅಂಥ ಗೌರವವಿಲ್ಲ. ಬಡತನದ ಅನಿವಾರ್ಯವನ್ನು ಸದ್ಗುಣವೆಂದು ಹೊಗಳುವುದು, ಸರಿಯಾದ ಹತ್ಯಾರು ಕೊಂಡುಕೊಡದವರಿಗೆ ಮಾತ್ರ ಲಾಭ. ರೋಟರಿ ಎಂಜಿನ್ ಜುಗಾಡನ್ನು ಕ್ಷಮಿಸುವುದಿಲ್ಲ. ಇದನ್ನು ನಾನು ಸ್ವಾನುಭವದಿಂದ ಹೇಳುತ್ತಿದ್ದೇನೆ.

ಬದಿಯ ಸೀಲುಗಳನ್ನು ಅಳತೆಗೆ ಅರೆಯುವ ಕೆಲಸವನ್ನು ಮಗ ನನಗೆ ಒಪ್ಪಿಸಿದ್ದ. ಬಿಲ್ಲಿನಂತೆ ಬಾಗಿದ, ದಾರದಷ್ಟು ಸಣ್ಣ ಲೋಹದ ಪಟ್ಟಿ. ಅದರ ತುದಿಗೂ ಮೂಲೆಯ ಸೀಲಿಗೂ ನಡುವೆ 0.05 ಮಿ.ಮೀ. ಸಂದು ಬಿಡಬೇಕು. ಸಂದು ಹೆಚ್ಚಾದರೆ ಅನಿಲ ಸೋರುತ್ತದೆ. ಸಾಲದಿದ್ದರೆ ಕಾದಾಗ ಹಿಗ್ಗಲು ಜಾಗವಿಲ್ಲದೆ ಪಟ್ಟಿ ಸಿಕ್ಕಿಕೊಳ್ಳುತ್ತದೆ. ಉಷ್ಣ ವ್ಯಾಕೋಚನ! ರೈಲುಕಂಬಿಗಳ ನಡುವೆ ಸಂದು ಬಿಡುವುದೇಕೆ ಎಂಬ ಎರಡು ಅಂಕದ ಪ್ರಶ್ನೆಯನ್ನು 34 ವರ್ಷ ಕೇಳಿದ್ದೇನೆ. ಒಂದು ಸಂದನ್ನೂ ಒಮ್ಮೆಯೂ ಅಳೆದಿರಲಿಲ್ಲ. ಮೊದಲನೆಯ ಸೀಲನ್ನು ಸಣ್ಣ ಅರದಿಂದ ಉಜ್ಜಿದೆ, ಸಂದುಮಾಪಕ ತೂರಿಸಿದೆ, ಹೋಗಲಿಲ್ಲ. ಇನ್ನೆರಡು ಸಲ ಉಜ್ಜಿದೆ. ಈಗ 0.2ರ ಪಟ್ಟಿಯೂ ಸಲೀಸಾಗಿ ಹೋಯಿತು. ಕೆಟ್ಟಿತು. “ಇರಲಿ ಬಿಡು, ಸ್ವಲ್ಪ ತಾನೆ” ಎಂದು ನನ್ನ ಬಾಯಲ್ಲಿ ಬಂತು. ಮಗ ಮಾತಾಡದೆ ಅದನ್ನು ಕಸದ ಡಬ್ಬಿಗೆ ಹಾಕಿ ಹೊಸದಕ್ಕೆ ಆರ್ಡರು ಮಾಡಿದ. ನಾಲ್ಕು ದಿನ ಕಾದೆವು. ಅರವತ್ತೈದನೆಯ ವಯಸ್ಸಿನಲ್ಲಿ, ನಾನೇ ಪಾಠ ಮಾಡಿದ ವಿಷಯದಲ್ಲಿ, ಸೊನ್ನೆ. ಉಳಿದ ಹನ್ನೊಂದನ್ನು ಎರಡು ಭಾನುವಾರಗಳಲ್ಲಿ ಸರಿಯಾಗಿ ಮುಗಿಸಿದೆ, ಹನ್ನೆರಡನೆಯದನ್ನೂ ಸಹ. ಪ್ರಾಯೋಗಿಕ ಪರೀಕ್ಷೆಯಲ್ಲಿ ನಿಮ್ಮಲ್ಲಿ ಎಷ್ಟು ಮಂದಿಗೆ ಕೈ ನಡುಗುತ್ತಿದ್ದಾಗ ನಾನು ಗದರಿಸಿದ್ದೆನೋ ಅವರೆಲ್ಲರ ನೆನಪು ಬಂತು.

ಈಗ ನನ್ನ ಪಾಲಿನ ಬೈಗುಳ.

ಕೈಕೆಲಸವನ್ನು ಶಾಲೆಯೊಳಗೆ ತರಬೇಕೆಂದು ದೇಶದಲ್ಲಿ ಯಾರೂ ಹೇಳಲಿಲ್ಲವೇ? 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಹೇಳಿದರು. 1964–66ರ ಕೊಠಾರಿ ಆಯೋಗ ಕಾರ್ಯಾನುಭವವೆಂಬ ಹೆಸರಿನಲ್ಲಿ ಹೇಳಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದು ಹೇಳಿತು. 2020ರ ಶಿಕ್ಷಣ ನೀತಿ ಚೀಲವಿಲ್ಲದ ಹತ್ತು ದಿನಗಳೆಂದು ಹೇಳಿತು. ಬಿ.ಎಡ್. ಪರೀಕ್ಷೆಯಲ್ಲಿ ಇವುಗಳಲ್ಲಿ ಮೊದಲ ಮೂರರ ಮೇಲೆ ಪ್ರಬಂಧ ಬರೆದು ನಾನು ಒಳ್ಳೆಯ ಅಂಕ ಪಡೆದವನು. ಶಾಲೆಯ ವೇಳಾಪಟ್ಟಿಯಲ್ಲಿ ಆ ಪೀರಿಯಡ್ಡು ಇದ್ದೇ ಇತ್ತು. ಅದನ್ನು ಜೂನ್ ತಿಂಗಳಿನಿಂದಲೇ ಗಣಿತಕ್ಕೆ ತೆಗೆದುಕೊಂಡವನು ನಾನು. ಫಲಿತಾಂಶದ ಶೇಕಡಾವಾರು ಏರಿತು, ಸನ್ಮಾನವೂ ಆಯಿತು. ಸರಕಾರವನ್ನೋ ಪೋಷಕರನ್ನೋ ದೂರಿ ನಾನು ತಪ್ಪಿಸಿಕೊಳ್ಳಬಹುದು. ಪೀರಿಯಡ್ಡು ಕದ್ದ ಕೈ ಮಾತ್ರ ನನ್ನದೇ.

1991ರ ತರಗತಿಯವರಿಗೆ ನೆನಪಿರಬೇಕು. ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಅವನ ತಂದೆ ಸೈಕಲ್ಲು ಮೊಪೆಡ್ಡು ರಿಪೇರಿ ಮಾಡುತ್ತಿದ್ದರು. ನಾಲ್ಕು ಹೊಡೆತದ ಎಂಜಿನ್ನಿನ ಪಾಠ ಮಾಡುತ್ತಿದ್ದಾಗ ಎದ್ದು ನಿಂತು, “ಸಾರ್, ರಿಂಗ್ ಸವೆದ್ರೆ ಗಾಡಿ ಏರಿನಲ್ಲಿ ಯಾಕೆ ಎಳೆಯಲ್ಲ?” ಎಂದು ಕೇಳಿದ. ಉತ್ತರ ನನಗೆ ಗೊತ್ತಿರಲಿಲ್ಲ. ಪಾಠದಲ್ಲಿ ಇಲ್ಲ, ಕೂತುಕೋ ಎಂದೆ. ಮರುದಿನ ಗೋಣಿಚೀಲದಲ್ಲಿ ಒಂದು ಹಳೆಯ ಮೊಪೆಡ್ಡಿನ ಎಂಜಿನ್ ಹೊತ್ತು ತಂದ, ಎಲ್ಲರಿಗೂ ತೋರಿಸಲೆಂದು. ಪ್ರಯೋಗಶಾಲೆಯ ಮೇಜಿನ ಮೇಲಿಟ್ಟಾಗ ಕಪ್ಪೆಣ್ಣೆ ಸೋರಿ, ತಪಾಸಣೆಗೆಂದು ಜೋಡಿಸಿಟ್ಟಿದ್ದ ದಾಖಲೆ ಪುಸ್ತಕಗಳ ಮೇಲೆ ಹರಿಯಿತು. ನಾನು ಬೆತ್ತ ತೆಗೆದುಕೊಂಡೆ. ಹೊಡೆದದ್ದಕ್ಕಿಂತ ಆಡಿದ ಮಾತು ದೊಡ್ಡದು: “ನಿನ್ನ ಹಣೆಯಲ್ಲಿ ಗ್ರೀಸೇ ಬರೆದಿದೆ, ಇಲ್ಲಿಗೆ ಯಾಕೆ ಬರ್ತೀಯ?” ತರಗತಿ ನಕ್ಕಿತು. ನಕ್ಕವರಲ್ಲಿ ಕೆಲವರು ಇದನ್ನು ಓದುತ್ತಿದ್ದೀರಿ. ಅರ್ಧವಾರ್ಷಿಕ ಪರೀಕ್ಷೆಯ ನಂತರ ಅವನು ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಂಪುಶಾಯಿಯಿಂದ ಗೆರೆ ಎಳೆದವನೂ ನಾನೇ.

ಬಂಧುಗಳೇ, ನೀವು ನನ್ನ ಮಗನ ಬಗ್ಗೆ ಆಡಿದ ಮಾತನ್ನು ಮೂವತ್ತು ವರ್ಷಗಳ ಹಿಂದೆಯೇ ನಾನು ಇನ್ನೊಬ್ಬರ ಮಗನಿಗೆ ಆಡಿದ್ದೆ. ನಿಮಗಾದರೋ ಅಜ್ಞಾನವೆಂಬ ನೆವವಿದೆ. ನನ್ನ ಕೈಯಲ್ಲಿ ಬಿ.ಎಡ್. ಪದವಿ ಇತ್ತು.

ಎಂಜಿನ್ನಿನ ಕತೆ ಮುಗಿಸಿಬಿಡುತ್ತೇನೆ. ಸೀಲುಗಳೂ ಉಂಗುರಗಳೂ ಜೋಡಣೆಯ ಹೊತ್ತಿನಲ್ಲಿ ಜಾರದಿರಲೆಂದು ವ್ಯಾಸಲೀನ್ ಸವರಿ ಕೂರಿಸುತ್ತಾರೆ. ಶ್ರೀಮತಿಯ ಡಬ್ಬಿ ಖಾಲಿಯಾಯಿತು. ಶಾಫ್ಟಿನ ಆಟ ಮೊದಲ ಸಲ 0.09 ಬಂತು, ಬೇರೆ ದಪ್ಪದ ಸ್ಪೇಸರ್ ಹಾಕಿ 0.05ಕ್ಕೆ ತಂದ. ಸೆಪ್ಟೆಂಬರಿನ ಒಂದು ಶನಿವಾರ ಚಾಲೂ ಮಾಡಿದಾಗ ಒಳಗಿದ್ದ ವ್ಯಾಸಲೀನೂ ಎಣ್ಣೆಯೂ ಉರಿದು ಬೀದಿಯ ತುಂಬ ಬಿಳಿ ಹೊಗೆ ಕವಿಯಿತು. ಮನೆಗೆ ಬೆಂಕಿ ಬಿತ್ತೆಂದು ಪಕ್ಕದಮನೆಯಾತ ಓಡಿಬಂದ. ಸಾವಿರ ಮೈಲಿ ಓಡಿಸಿ ಅಳೆದಾಗ ಹಿಂದಿನ ರೋಟರಿನ ಮೂರು ಕೋಣೆಗಳು 8.3, 8.2, 8.4. ನಾವು ಅಷ್ಟರಲ್ಲಿ ಊರಿಗೆ ಮರಳಿದ್ದೆವು. ಅಂಕಿಗಳನ್ನು ಫೋನಿನಲ್ಲಿ ಹೇಳಿದ.

ಮದುವೆ ಮುಗಿದ ಮರುವಾರ ನಾನು ಆ ಹುಡುಗನನ್ನು ಹುಡುಕಿಕೊಂಡು ಹೋದೆ. ಹುಡುಗನೇನು, ಐವತ್ತಕ್ಕೆ ಹತ್ತಿರ, ತಲೆ ನರೆತಿದೆ. ಹೆದ್ದಾರಿಯ ಪಕ್ಕ ತಗಡಿನ ಷೆಡ್ಡು. ಕಾಫಿ ತೋಟಗಳ ಪಲ್ಪರಿನ ಎಂಜಿನ್ನು, ಔಷಧಿ ಹೊಡೆಯುವ ಯಂತ್ರ, ಪಂಪುಸೆಟ್ಟು ದುರಸ್ತಿ ಮಾಡುತ್ತಾನೆ. ನನ್ನನ್ನು ಕಂಡು ಎದ್ದು ನಿಂತ, ಕೈ ಒರೆಸಿಕೊಂಡ, ಕುರ್ಚಿಯ ಧೂಳು ಕೊಡವಿದ. ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಗಂಟಲಲ್ಲೇ ಉಳಿಯಿತು. ಅವನೇ ನಕ್ಕು, “ಸಾರ್, ನೀವು ಅವತ್ತು ಹೇಳಿದ್ದು ನಿಜವೇ ಆಯ್ತು ನೋಡಿ” ಎಂದ. ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ತಪ್ಪು ನನ್ನದು ಎಂದು ಹೇಳಿದೆ. ಅವನು ಮುಜುಗರಪಟ್ಟು ಚಹಾ ತರಿಸಿದ.

ಮಾತು ಹೊರಳಿಸಲು ಫೋನಿನಲ್ಲಿದ್ದ ಚಿತ್ರಗಳನ್ನು ತೋರಿಸಿದೆ. ಅಂಥ ಎಂಜಿನ್ನನ್ನು ಅವನು ಎಂದೂ ಕಂಡಿರಲಿಲ್ಲ. ಚಿತ್ರವನ್ನು ಹಿಗ್ಗಿಸಿ, ತಿರುಗಿಸಿ ನೋಡಿದ. “ಇದರಲ್ಲಿ ರಿಂಗ್ ಮೂಲೇಲಿದೆ ಅಲ್ವಾ ಸಾರ್? ಹಾಗಾದ್ರೆ ಒಂದು ಹೋದ್ರೆ ಎರಡು ಕಡೆ ಕಂಪ್ರೆಷನ್ ಹೋಗುತ್ತೆ” ಎಂದ. ಚಹಾ ಇನ್ನೂ ಬಿಸಿಯಾಗಿಯೇ ಇತ್ತು.

ಅವನ ಮಗ ಈ ವರ್ಷ ಹತ್ತನೆಯ ತರಗತಿಯಂತೆ, ಗಣಿತದಲ್ಲಿ ಹಿಂದೆ. “ಷೆಡ್ಡಿನ ಹತ್ರ ಸುಳೀಬೇಡ ಅಂದಿದ್ದೀನಿ ಸಾರ್, ಸ್ಪ್ಯಾನರ್ ಮುಟ್ಟಿದ್ರೆ ಕೈ ಮುರೀತೀನಿ ಅಂದಿದ್ದೀನಿ. ನೀವು ಸ್ವಲ್ಪ ಹೇಳಿಕೊಡ್ತೀರಾ?” ಎಂದು ಕೇಳಿದ. ಹೇಳಿಕೊಡುತ್ತೇನೆ, ಆದರೆ ಪಾಠ ಇಲ್ಲೇ, ನಿನ್ನ ಷೆಡ್ಡಿನಲ್ಲೇ ಎಂದೆ. ಅವನು ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ಕೊನೆಗೆ ಷೆಡ್ಡಿನ ಹೊರಗಿನ ಜಗಲಿಯಲ್ಲಿ, ಬಾಗಿಲು ತೆರೆದಿಟ್ಟು, ಎಂದು ತೀರ್ಮಾನವಾಯಿತು. ನಾಲ್ಕು ಭಾನುವಾರ ಆಗಿದೆ. ನಾಳೆ ಐದನೆಯದು, ಹತ್ತು ಗಂಟೆಯ ಬಸ್ಸು ಹಿಡಿಯಬೇಕು.